ತೆರೆ ಮೇಲಿನ ಅದ್ಭುತಗಳು ನೆಲದ ಮೇಲೆ ಹೇಗಿವೆ ಗೊತ್ತಾ?

'ಜೀನ್ಸ್' (1998) ನೋಡಿದ್ದೀರಲ್ಲ? ನೋಡದೆ ಬಿಟ್ಟವರು ಯಾರು ಹೇಳಿ! ಅದರಲ್ಲಿ ಒಂದೇ ಒಂದು ಹಾಡಿಗಾಗಿ ಪ್ರಶಾಂತ್ ಮತ್ತು ಐಶ್ವರ್ಯಾ ರೈ ಚೀನಾದ ಮಹಾಗೋಡೆ ಮೇಲೆ ನಡೆದರು. ಪೀಸಾದ ವಾಲುಗೋಪುರದ ಮುಂದೆ ನಿಂತರು. ರೋಮಿನ ಕೊಲೋಸಿಯಂ, ಪ್ಯಾರಿಸ್ಸಿನ ಐಫೆಲ್ ಗೋಪುರ, ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡ, ಈಜಿಪ್ಟಿನ ಪಿರಮಿಡ್ಡು, ಕೊನೆಗೆ ನಮ್ಮ ತಾಜಮಹಲು... ಏಳೂ ಮುಗೀತು. ನಾಯಕಿ ಸೀರೆ ಬದಲಾಯಿಸಿದಷ್ಟು ಸಲೀಸಾಗಿ ದೇಶ ಬದಲಾಯಿತು. ಗಾಂಧಿ ಕ್ಲಾಸಿನಲ್ಲಿ ಕೂತವನಿಗೂ ಬಾಲ್ಕನಿಯವನಿಗೂ ಒಂದೇ ವಿಮಾನ, ಪಾಸ್‌ಪೋರ್ಟ್ ಕೇಳುವವರೇ ಇಲ್ಲ!

ನಮ್ಮ ಕನ್ನಡದವರು ಈ ವಿಮಾನ ಹತ್ತಿದ್ದು 1978ರಲ್ಲಿ. ದ್ವಾರಕೀಶ್ ನಿರ್ಮಾಣದ 'ಸಿಂಗಾಪುರದಲ್ಲಿ ರಾಜಾ ಕುಳ್ಳ' ಹೊರದೇಶದಲ್ಲಿ ಚಿತ್ರೀಕರಣ ಮಾಡಿದ ಮೊದಲ ಕನ್ನಡ ಚಿತ್ರ. ವಿಷ್ಣುವರ್ಧನ್ ಜೊತೆ ನಾವೂ ಸಿಂಗಾಪುರ ಸುತ್ತಿ ಬಂದೆವು. ಅಲ್ಲಿಂದ ಈಚೆಗೆ ನಮ್ಮ ನಾಯಕರು ಕಾಲಿಡದ ದೇಶವೇ ಉಳಿದಿಲ್ಲ ಅನ್ನಿ. ರಜನಿಕಾಂತ್ ಅವರ 'ಎಂದಿರನ್' (2010) ನೋಡಿ. ಹಾಡಿನಲ್ಲಿ ಕೂಗುವ ಹೆಸರು ಆಫ್ರಿಕದ ಕಿಲಿಮಂಜಾರೋ ಪರ್ವತದ್ದು, ಕುಣಿದದ್ದು ದಕ್ಷಿಣ ಅಮೆರಿಕದ ಪೆರು ದೇಶದ ಮಾಚು ಪಿಚುವಿನಲ್ಲಿ! ಭೂಗೋಳದ ಮೇಷ್ಟ್ರು ಎದೆ ಹಿಡಕೊಳ್ಳಬೇಕು. ಪ್ರೇಕ್ಷಕ ಮಾತ್ರ ಸೀಟಿ ಹೊಡೆದ.

ಇರಲಿ. ಈ ಸಲ ನಾನು ಹೇಳಹೊರಟಿದ್ದು ನಾಯಕ-ನಾಯಕಿಯರ ಬಗ್ಗೆ ಅಲ್ಲ, ಅವರ ಬೆನ್ನ ಹಿಂದೆ ನಿಂತಿರ್ತಾವಲ್ಲ, ಆ ಕಲ್ಲು, ಆ ನೀರು, ಆ ಬೆಟ್ಟ... ಅವುಗಳ ಬಗ್ಗೆ. ಸಂಭಾವನೆ ಇಲ್ಲದೆ ನಟಿಸಿದ ಕಲಾವಿದರು ಅವು. ಕ್ಯಾಮೆರಾ ಹೋದ ಮೇಲೆ ಅವುಗಳ ಗತಿ ಏನಾಯ್ತು? ತೆರೆ ಮೇಲೆ ಕಂಡದ್ದರಲ್ಲಿ ನಿಜವೆಷ್ಟು, ಸೆಟ್ ಎಷ್ಟು? ನಾವು ನೀವು ನಾಳೆ ಹೋದರೆ ನೋಡಲು ಏನು ಉಳಿದಿದೆ? ಕೆಲವಂತೂ ಉಳಿದೇ ಇಲ್ಲ, ಫಿಲಂ ರೀಲಿನಲ್ಲಿ ಬಿಟ್ಟರೆ!

ಬಂಡೆಯೊಳಗೆ ಬರಿದಾದ ಖಜಾನೆ

'ಇಂಡಿಯಾನಾ ಜೋನ್ಸ್ ಅಂಡ್ ದಿ ಲಾಸ್ಟ್ ಕ್ರುಸೇಡ್' (1989). ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶನ. ಹ್ಯಾರಿಸನ್ ಫೋರ್ಡ್ ಮಗ, ಶಾನ್ ಕಾನರಿ ಅಪ್ಪ. ಕ್ಲೈಮ್ಯಾಕ್ಸಿನಲ್ಲಿ ಕುದುರೆಗಳು ಕಿರಿದಾದ ಕಣಿವೆಯೊಂದರಲ್ಲಿ ಬರ್ತಾವೆ. ಎರಡೂ ಕಡೆ ಆಕಾಶ ಮುಚ್ಚುವಷ್ಟು ಎತ್ತರದ ಬಂಡೆ. ತಿರುವಿನಲ್ಲಿ ಇದ್ದಕ್ಕಿದ್ದ ಹಾಗೆ ಗುಲಾಬಿ ಬಣ್ಣದ ಕಲ್ಲಿನ ಅರಮನೆ! ಥಿಯೇಟರಿನಲ್ಲಿ ಉಸಿರು ನಿಂತ ಗಳಿಗೆ ಅದು. ಇದ್ಯಾವುದೋ ಸ್ಟುಡಿಯೋ ಸೆಟ್ಟು ಅಂತ ಅಂದುಕೊಂಡವರು ಬಹಳ ಜನ.

ಸೆಟ್ಟಲ್ಲ ಸ್ವಾಮಿ, ಅಪ್ಪಟ ನಿಜ. ಜೋರ್ಡಾನ್ ದೇಶದ ಪೆಟ್ರಾ ನಗರ ಅದು. ಕಟ್ಟಿದವರು, ಅಲ್ಲಲ್ಲ, ಕೆತ್ತಿದವರು ನಬಾತಿಯನ್ನರು ಎಂಬ ಮರಳುಗಾಡಿನ ಜನ. ಸುಗಂಧದ್ರವ್ಯ ಹೊತ್ತ ಒಂಟೆಗಳ ಸಾಲು ಅವರ ಊರು ಹಾದು ಹೋಗಬೇಕಿತ್ತು, ಅದೇ ಅವರ ಸಂಪತ್ತು. ಈಗಿನ ಹೆಸರು 'ಅಲ್ ಖಜ್ನೆ', ಅಂದರೆ ಖಜಾನೆ. ಸುಮಾರು 2000 ವರ್ಷ ಹಳೆಯದು. ಎತ್ತರ ಹತ್ತಿರ ಹತ್ತಿರ 40 ಮೀಟರ್. ಇಟ್ಟಿಗೆ ಇಲ್ಲ, ಗಾರೆ ಇಲ್ಲ. ಒಂದೇ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕೆತ್ತುತ್ತಾ ಇಳಿದಿದ್ದಾರೆ. ಅವರು ಕಾಲಿಟ್ಟು ಏರಿದ ಗುಳಿಗಳು ಎರಡೂ ಪಕ್ಕದಲ್ಲಿ ಇವತ್ತಿಗೂ ಕಾಣ್ತವೆ. ಕೆಳಗಿನ ಕಂಬ ಕೆತ್ತುವಾಗ ಕೈ ತಪ್ಪಿದ್ದರೆ ಮೇಲಿನದ್ದೆಲ್ಲ ನೀರಲ್ಲಿ ಹೋಮ. ರೀಟೇಕ್ ಇಲ್ಲದ ಕೆಲಸ!

ಸಿನಿಮಾದಲ್ಲಿ ಒಳಗೆ ಹೋದರೆ ದೊಡ್ಡ ದೊಡ್ಡ ಸಭಾಂಗಣ, ಪಾತಾಳ, ಏಳು ನೂರು ವರ್ಷದ ಕಾವಲುಗಾರ, ಅಮೃತದ ಬಟ್ಟಲು. ಅದೆಲ್ಲ ಇಂಗ್ಲೆಂಡಿನ ಎಲ್‌ಸ್ಟ್ರೀ ಸ್ಟುಡಿಯೋದ ಮಾಯೆ. ನಿಜವಾದ ಖಜಾನೆ ಒಳಗೆ ಇಣುಕಿದರೆ ಖಾಲಿ ಕೋಣೆ. ಯಾಕೆಂದರೆ ಅದು ಖಜಾನೆಯೇ ಅಲ್ಲ, ರಾಜನ ಸಮಾಧಿ ಅಂತ ತಿಳಿದವರು ಹೇಳ್ತಾರೆ. ಅಲ್ಲಿನ ಹಳೆಯ ಜನ ಮಾತ್ರ ಮೇಲ್ಗಡೆ ಕೆತ್ತಿರುವ ಕಲ್ಲಿನ ಕಲಶದಲ್ಲಿ ಚಿನ್ನ ಇದೆ ಅಂತ ನಂಬಿ ಕೋವಿಯಿಂದ ಗುಂಡು ಹೊಡೆದದ್ದೇ ಹೊಡೆದದ್ದು. ಕಲಶ ಒಡೆದು ನಾಣ್ಯ ಸುರಿಯಲಿ ಅಂತ! ಅದು ಗಟ್ಟಿ ಕಲ್ಲು. ಗುಂಡಿನ ಗುರುತು ಮಾತ್ರ ಉಳಿದಿದೆ. ಮಜಾ ಕೇಳಿ, 2024ರಲ್ಲಿ ಖಜಾನೆಯ ಬುಡದಲ್ಲಿ ಅಗೆದಾಗ 12 ಅಸ್ಥಿಪಂಜರಗಳು ಸಿಕ್ಕವು. ಒಂದರ ಕೈಯಲ್ಲಿ ಮಣ್ಣಿನ ಪಾತ್ರೆಯೂ ಇತ್ತು. ಸ್ಪೀಲ್‌ಬರ್ಗ್ ಕತೆ ಹೇಳಿದ್ದು ಸುಳ್ಳಾದರೂ ಬಟ್ಟಲು ಹಿಡಿದವನೊಬ್ಬ ಕೆಳಗೆ ಮಲಗಿದ್ದ ನೋಡಿ!

ನನ್ನನ್ನು ಕೇಳಿದರೆ ಪೆಟ್ರಾದ ನಿಜವಾದ ಅದ್ಭುತ ಖಜಾನೆಯಲ್ಲ, ಅದಕ್ಕೆ ಹೋಗುವ ದಾರಿ. 'ಸೀಕ್' ಅಂತಾರೆ. ಒಂದು ಕಿಲೋಮೀಟರಿಗೂ ಉದ್ದದ ಬಿರುಕು ಅದು. ಆ ಬಂಡೆಗೋಡೆಯ ಪಕ್ಕದಲ್ಲೇ ಸಣ್ಣ ಕಾಲುವೆ ಕೊರೆದು, ಇನ್ನೊಂದು ಕಡೆ ಮಣ್ಣಿನ ಕೊಳವೆ ಕೂಡಿಸಿ, ಮರಳುಗಾಡಿನ ಊರಿಗೆ ಕುಡಿಯುವ ನೀರು ಹರಿಸಿದ್ದರು. ಮಳೆ ಬಂದರೆ ಹುಚ್ಚುಹೊಳೆ ಕಣಿವೆಗೆ ನುಗ್ಗದಂತೆ ಬಾಯಲ್ಲೇ ಒಡ್ಡು ಹಾಕಿ, ಬಂಡೆಯಲ್ಲಿ ಸುರಂಗ ತೋಡಿ ಬೇರೆ ಕಡೆಗೆ ತಿರುಗಿಸಿದ್ದರು. ಆ ಒಡ್ಡು ಕಾಲಕಾಲಕ್ಕೆ ಹಾಳಾಯ್ತು, ರಿಪೇರಿ ಮಾಡುವವರು ಇರಲಿಲ್ಲ. 1963ರಲ್ಲಿ ಮಳೆನೀರು ಇದ್ದಕ್ಕಿದ್ದ ಹಾಗೆ ಸೀಕ್ ಒಳಗೆ ನುಗ್ಗಿ ಇಪ್ಪತ್ತಕ್ಕೂ ಹೆಚ್ಚು ಫ್ರೆಂಚ್ ಪ್ರವಾಸಿಗಳು ಜೀವ ಕಳಕೊಂಡರು. ಆಮೇಲೆ ಸರ್ಕಾರ ಎಚ್ಚೆತ್ತು ಹಳೆಯವರು ಕಟ್ಟಿದ ಜಾಗದಲ್ಲೇ ಮತ್ತೆ ಒಡ್ಡು ಕಟ್ಟಿತು. ಎರಡು ಸಾವಿರ ವರ್ಷದ ಹಿಂದಿನವರಿಗೆ ಗೊತ್ತಿದ್ದದ್ದು ನಮಗೆ ಗೊತ್ತಾಗಲು ಅಷ್ಟು ಹೆಣ ಬೀಳಬೇಕಾಯ್ತು.

ಇನ್ನೊಂದು ವಿಷಯ. ಈ ಗುಹೆಗಳಲ್ಲಿ ತಲೆತಲಾಂತರದಿಂದ ಬ್ದೂಲ್ ಎಂಬ ಬೆದೂಯಿನ್ ಪಂಗಡದವರು ಸಂಸಾರ ಮಾಡಿಕೊಂಡಿದ್ದರು. 1985ರಲ್ಲಿ ಪೆಟ್ರಾ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅದೇ ವರ್ಷ ಅವರನ್ನು ಪಕ್ಕದಲ್ಲಿ ಕಟ್ಟಿಸಿದ ಉಮ್ ಸೈಹೂನ್ ಎಂಬ ಹಳ್ಳಿಗೆ ಕಳಿಸಿದರು. ಮನೆ ಬಿಟ್ಟವರು ಹೊಟ್ಟೆಪಾಡಿಗೆ ಮತ್ತೆ ಅಲ್ಲಿಗೇ ಬಂದು ಕತ್ತೆ ಓಡಿಸ್ತಾರೆ, ಚಹಾ ಮಾರ್ತಾರೆ. ನೀವು ಹೋದರೆ ಅವರ ಹತ್ತಿರ ಒಂದು ಲೋಟ ಚಹಾ ಕುಡೀರಿ. ಒಂದು ದಿನದ ಪ್ರವೇಶ ಟಿಕೆಟ್ 50 ದಿನಾರ್, ನಮ್ಮ ಲೆಕ್ಕದಲ್ಲಿ ಆರು ಸಾವಿರ ರೂಪಾಯಿ ಮೇಲೆ. ಒಂದು ಟಿಕೆಟ್ ದುಡ್ಡಿಗೆ ನಮ್ಮೂರ ಟಾಕೀಸಿನಲ್ಲಿ ವರ್ಷವೆಲ್ಲ ಸಿನಿಮಾ ನೋಡಬಹುದು ಅಂತೀರಾ? ಹೌದು, ನೋಡಬಹುದು.

ಸರ್ಕಸ್ಸಿನ ಪೈಲ್ವಾನ ತೆರೆದ ದೇವಾಲಯ

ಈ ಪೆಟ್ರಾವನ್ನು ಹೊರಜಗತ್ತಿಗೆ ತಿಳಿಸಿದವನು ಯೋಹಾನ್ ಬುರ್ಕ್‌ಹಾರ್ಟ್ ಎಂಬ ಸ್ವಿಟ್ಜರ್ಲೆಂಡಿನ ಹುಡುಗ. ಅರಬ್ಬೀ ಕಲಿತು, ಗಡ್ಡ ಬಿಟ್ಟು, ಶೇಖ್ ಇಬ್ರಾಹಿಂ ಅಂತ ಹೆಸರಿಟ್ಟುಕೊಂಡು ವೇಷ ಮರೆಸಿ ಸುತ್ತುತ್ತಿದ್ದ. 1812ರಲ್ಲಿ ಪೆಟ್ರಾ ನೋಡಿದ. ಅಲ್ಲಿಗೇ ನಿಂತನೇ? ಇಲ್ಲ. ಮರುವರ್ಷ ಈಜಿಪ್ಟಿನ ದಕ್ಷಿಣದಲ್ಲಿ ನೈಲ್ ನದಿ ದಡದಲ್ಲಿ ಬರುವಾಗ ಮರಳಿನ ಗುಡ್ಡೆಯಿಂದ ಕಲ್ಲಿನ ತಲೆಗಳು ಹೊರಗೆ ಚಾಚಿದ್ದು ಕಂಡ. ಅದೇ ಅಬು ಸಿಂಬೆಲ್! ಎರಡು ವರ್ಷದಲ್ಲಿ ಎರಡು ಜಗದ್ವಿಖ್ಯಾತ ಅದ್ಭುತ. 1817ರಲ್ಲಿ ಕೈರೋದಲ್ಲಿ ಸತ್ತಾಗ ಅವನಿಗೆ ಇನ್ನೂ 32 ವರ್ಷ. ಇಂಥವನ ಕತೆ ಇನ್ನೂ ಯಾವ ದೊಡ್ಡ ನಿರ್ಮಾಪಕನ ಕಣ್ಣಿಗೂ ಬೀಳಲಿಲ್ಲವಲ್ಲ!

ಅವನು ಕಂಡದ್ದನ್ನು ತನ್ನ ಗೆಳೆಯನೊಬ್ಬನಿಗೆ ಹೇಳಿದ. ಗೆಳೆಯ ಯಾರು? ಜೊವಾನ್ನಿ ಬೆಲ್ಜೋನಿ. ಇಟಲಿಯವನು, ಆರೂವರೆ ಅಡಿ ಎತ್ತರದ ಆಸಾಮಿ. ಲಂಡನ್ನಿನ ರಂಗಮಂದಿರದಲ್ಲಿ ಹತ್ತು ಹನ್ನೊಂದು ಜನರನ್ನು ಹೆಗಲ ಮೇಲೆ ಹೊತ್ತು ವೇದಿಕೆ ಸುತ್ತುತ್ತಿದ್ದ ಪೈಲ್ವಾನ! ನೀರೆತ್ತುವ ಯಂತ್ರ ಮಾರಲು ಈಜಿಪ್ಟಿಗೆ ಬಂದ, ವ್ಯಾಪಾರ ಕುದುರಲಿಲ್ಲ, ಪುರಾತನ ವಸ್ತು ಅಗೆಯುವ ಕೆಲಸಕ್ಕೆ ಇಳಿದ. ಮರಳು ಸರಿಸಿ ಸರಿಸಿ 1817ರ ಆಗಸ್ಟ್ 1ರಂದು ಅಬು ಸಿಂಬೆಲ್ ಒಳಗೆ ನುಸುಳಿದ. ಕುಲುಮೆಯಂಥ ಸೆಖೆ. ಚಿನ್ನ ಸಿಗಲಿಲ್ಲ. ಗೋಡೆ ತುಂಬ ಯುದ್ಧದ ಚಿತ್ರಗಳು ಸಿಕ್ಕವು. ಈತ ಸಾಹಸಿಯೋ ಕಳ್ಳನೋ ಅನ್ನೋದು ಬೇರೆ ಚರ್ಚೆ. ಬೇರೆ ಕಡೆಯಿಂದ ಅವನು ಸಾಗಿಸಿದ ಏಳು ಟನ್ ತೂಕದ ರಾಜನ ತಲೆ ಇವತ್ತಿಗೂ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ನನ್ನ ಲೆಕ್ಕದಲ್ಲಿ ಎರಡೂ ಹೌದು.

ಅಬು ಸಿಂಬೆಲ್ ನೋಡಿದ ನೆನಪು ಬರ್ತಿಲ್ಲವೇ? ಜೇಮ್ಸ್ ಬಾಂಡ್ ಚಿತ್ರ 'ದಿ ಸ್ಪೈ ಹೂ ಲವ್ಡ್ ಮಿ' (1977). ರೋಜರ್ ಮೂರ್ ನೈಲ್ ದಡದ ದೇವಾಲಯದೊಳಗೆ ಹೋದರೆ ಅಲ್ಲಿ ಬ್ರಿಟಿಷ್ ಗೂಢಚಾರ ಇಲಾಖೆಯ ಆಫೀಸು! ಹೊರಗೆ ನಾಲ್ಕು ದೈತ್ಯ ಮೂರ್ತಿಗಳು ಕೂತಿವೆಯಲ್ಲ, ಅದೇ. ಮರುವರ್ಷದ 'ಡೆತ್ ಆನ್ ದಿ ನೈಲ್' (1978) ಚಿತ್ರದಲ್ಲೂ ಬಂತು. ಪಿಯುಸಿಗೇ ಕಾಲೇಜಿಗೆ ನಮಸ್ಕಾರ ಹೊಡೆದ ನನ್ನಂಥವರಿಗೆ ಈಜಿಪ್ಟಿನ ಚರಿತ್ರೆ ಶುರುವಾದದ್ದೇ ಬಾಂಡ್ ಸಾಹೇಬರಿಂದ.

ನಾಲ್ಕೂ ಮೂರ್ತಿ ಒಬ್ಬನದೇ, ಎರಡನೇ ರಾಮ್ಸೆಸ್ ರಾಜನದು. ಒಂದೊಂದೂ ಸುಮಾರು 20 ಮೀಟರ್. ತನ್ನ ಕಟೌಟ್ ತಾನೇ ನಾಲ್ಕು ನಿಲ್ಲಿಸಿಕೊಂಡ ಮೊದಲ ಹೀರೋ ಅನ್ನಿ! ಮೂರು ಸಾವಿರ ವರ್ಷಕ್ಕೂ ಹಿಂದೆ ಬೆಟ್ಟದ ಬಂಡೆಯಲ್ಲಿ ಕೆತ್ತಿಸಿದ್ದು. ವರ್ಷಕ್ಕೆ ಎರಡು ದಿನ, ಫೆಬ್ರವರಿ 22 ಮತ್ತು ಅಕ್ಟೋಬರ್ 22ರ ಆಸುಪಾಸು, ಬೆಳಗಿನ ಸೂರ್ಯನ ಕಿರಣ ಬಾಗಿಲಿನಿಂದ ನೇರ ಗರ್ಭಗುಡಿ ತನಕ ಹೋಗುತ್ತೆ. ಅಲ್ಲಿ ನಾಲ್ಕು ವಿಗ್ರಹ. ಮೂರರ ಮೇಲೆ ಬೆಳಕು ಬೀಳುತ್ತೆ. ನಾಲ್ಕನೆಯವನು ಪ್ತಾಹ್, ಪಾತಾಳದ ನಂಟಿನ ದೇವರು. ಅವನು ಕತ್ತಲಲ್ಲೇ! ಇಂಥ ಲೈಟಿಂಗ್ ಮಾಡುವ ಛಾಯಾಗ್ರಾಹಕ ನಮ್ಮಲ್ಲಿ ಯಾರಿದ್ದಾರೆ?

ಆದರೆ ಬಾಂಡ್ ಚಿತ್ರದ ಆ ಶಾಟ್‌ನಲ್ಲಿ ಒಂದು ಗುಟ್ಟಿದೆ. ರೋಜರ್ ಮೂರ್ ನಿಂತ ಜಾಗ ರಾಮ್ಸೆಸ್ ಕೆತ್ತಿಸಿದ ಜಾಗವೇ ಅಲ್ಲ! ಮೂಲ ಜಾಗ ಆಗಲೇ ನೀರಿನಡಿ ಹೋಗಿತ್ತು.

1960ರಲ್ಲಿ ಈಜಿಪ್ಟ್ ಸರ್ಕಾರ ಅಸ್ವಾನ್ ಹತ್ತಿರ ನೈಲ್ ನದಿಗೆ ದೊಡ್ಡ ಅಣೆಕಟ್ಟು ಕಟ್ಟಲು ಶುರು ಮಾಡಿತು. ಕರೆಂಟು ಬೇಕು, ಬೆಳೆಗೆ ನೀರು ಬೇಕು, ಪ್ರವಾಹ ನಿಲ್ಲಬೇಕು. ತಪ್ಪು ಅನ್ನುವಂತಿಲ್ಲ. ಆದರೆ ಹಿನ್ನೀರಿನಲ್ಲಿ ಅಬು ಸಿಂಬೆಲ್ ಮುಳುಗುತ್ತೆ. ಯುನೆಸ್ಕೋ ಜಗತ್ತಿಗೆಲ್ಲ ಕರೆ ಕೊಟ್ಟಿತು. ನಾನಾ ದೇಶಗಳಿಂದ ದುಡ್ಡು ಬಂತು. 1964ರಿಂದ 1968ರ ತನಕ ನಡೆದ ಆ ಕೆಲಸವನ್ನು ಓದುತ್ತಿದ್ದರೆ ಯಾವ ಫೈಟಿಂಗ್ ದೃಶ್ಯವೂ ಸಪ್ಪೆ. ಮೊದಲು ನೀರು ತಡೆಯಲು ಸುತ್ತ ಒಡ್ಡು. ಮೇಲಿನ ಬೆಟ್ಟ ತೆಗೆಯುವಾಗ ಕಲ್ಲುಚೂರು ಬಿದ್ದು ಮುಖಕ್ಕೆ ಪೆಟ್ಟಾಗದಿರಲಿ ಅಂತ ಮೂರ್ತಿಗಳನ್ನು ಮತ್ತೆ ಮರಳಲ್ಲಿ ಹೂತರು. ಬೆಲ್ಜೋನಿ ಬೆವರು ಸುರಿಸಿ ತೆಗೆದ ಮರಳನ್ನು ಎಂಜಿನಿಯರುಗಳು ಲಾರಿಯಲ್ಲಿ ತಂದು ಸುರಿದರು! ಆಮೇಲೆ ಇಟಲಿಯ ಕರಾರಾ ಊರಿನ ಅಮೃತಶಿಲೆ ಕೆಲಸಗಾರರು ಬಂದರು. ಕಾಣುವ ಮುಖಗಳ ಮೇಲೆ ಯಂತ್ರ ಓಡಿಸುವಂತಿಲ್ಲ, ಕೈಗರಗಸದಲ್ಲೇ ಕೊಯ್ದರು. ಗರಗಸದ ಗೆರೆ ಕೆಲವೇ ಮಿಲಿಮೀಟರ್ ಅಗಲ ಇರಬೇಕು. ಹೀಗೆ ಇಡೀ ದೇವಾಲಯ ಸಾವಿರಕ್ಕೂ ಹೆಚ್ಚು ತುಂಡಾಯ್ತು, ದೊಡ್ಡವು ಇಪ್ಪತ್ತು-ಮೂವತ್ತು ಟನ್ ತೂಕ. ಪ್ರತಿ ತುಂಡಿಗೂ ನಂಬರ್ ಹಾಕಿ, 65 ಮೀಟರ್ ಮೇಲೆ, 200 ಮೀಟರ್ ಹಿಂದೆ ಒಯ್ದು ಜೋಡಿಸಿದರು. ಸೂರ್ಯನ ಕಿರಣದ ಲೆಕ್ಕವನ್ನೂ ಬಿಡಲಿಲ್ಲ. ಹಿಂದೆ ಕಾಣುವ ಬೆಟ್ಟವಿದೆಯಲ್ಲ, ಅದರೊಳಗೆ ಕಾಂಕ್ರೀಟಿನ ಗುಮ್ಮಟ. ಮೇಲೆ ಕಲ್ಲು-ಮಣ್ಣು ಹೊದಿಸಿದ್ದಾರೆ. ಅಂದರೆ ನಿಜವಾದ ದೇವಾಲಯ, ಸೆಟ್ ಹಾಕಿದ ಬೆಟ್ಟ!

ನನಗೆ ಬಹಳ ಹಿಡಿಸಿದ್ದು ಒಂದು ಸಣ್ಣ ಸಂಗತಿ. ನಾಲ್ಕು ಮೂರ್ತಿಗಳಲ್ಲಿ ಎಡಗಡೆಯಿಂದ ಎರಡನೆಯದರ ತಲೆ, ಎದೆ ಪುರಾತನ ಕಾಲದಲ್ಲೇ ಭೂಕಂಪಕ್ಕೆ ಕಳಚಿ ಕಾಲ ಬಳಿ ಬಿದ್ದಿದ್ದವು. ಜೋಡಿಸುವಾಗ ಅದನ್ನು ಎತ್ತಿ ಕೂರಿಸಬಹುದಿತ್ತು, ಯಂತ್ರವೂ ಇತ್ತು. ಕೂರಿಸಲಿಲ್ಲ. ಬಿದ್ದ ಕಲ್ಲನ್ನೂ ಹೊಸ ಜಾಗಕ್ಕೆ ತಂದು, ಹೇಗೆ ಬಿದ್ದಿತ್ತೋ ಹಾಗೇ ಬೀಳಿಸಿಟ್ಟರು.

ಕಲ್ಲಿಗೆ ಇಷ್ಟು ಮರ್ಯಾದೆ ಸಿಕ್ಕಿತು. ಮನುಷ್ಯರಿಗೆ? ಆ ದಡದಲ್ಲಿ ನುಬಿಯನ್ನರು ಎಂಬ ಜನ ಸಾವಿರಾರು ವರ್ಷದಿಂದ ಬಾಳಿದ್ದರು. ಈಜಿಪ್ಟ್ ಕಡೆಯಿಂದ ಸುಮಾರು 50 ಸಾವಿರ, ಸುಡಾನ್ ಕಡೆಯಿಂದ ಹೆಚ್ಚುಕಡಿಮೆ ಅಷ್ಟೇ ಜನ ಊರು ಬಿಟ್ಟು ಎದ್ದರು. ಅವರ ಮನೆಗೆ ನಂಬರ್ ಹಾಕಿ ಮೇಲೆತ್ತಿ ಜೋಡಿಸಲು ಯಾರೂ ಬರಲಿಲ್ಲ. ಖರ್ಜೂರದ ತೋಟ, ಹಿರಿಯರ ಗೋರಿ ಎಲ್ಲ ನೀರಿಗೆ ಹೋಯ್ತು. ಅಬು ಸಿಂಬೆಲ್ ಮುಂದೆ ನಿಂತು ಫೋಟೋ ತೆಗೆಸುವಾಗ ಹಿಂದಿರುಗಿ ಸರೋವರ ನೋಡಿದರೆ ಕಾಣುವ ನೀಲಿ ನೀರಿನ ಕೆಳಗೆ ಇರುವುದು ಅದೇ.

ಹಿಚ್‌ಕಾಕ್‌ಗೂ ಸಿಗದ ಪರ್ಮಿಷನ್

ಅಮೆರಿಕದ ಮೌಂಟ್ ರಶ್‌ಮೋರ್ ಬೆಟ್ಟದ ಮೇಲೆ ನಾಲ್ಕು ಅಧ್ಯಕ್ಷರ ಮುಖ ಕೆತ್ತಿದ್ದಾರೆ, 1927ರಿಂದ 1941ರ ತನಕ. ಒಂದೊಂದು ಮುಖ 60 ಅಡಿ. ಬಹುಪಾಲು ಕೆತ್ತನೆ ನಡೆದದ್ದು ಉಳಿಯಿಂದ ಅಲ್ಲ, ಡೈನಮೈಟ್‌ನಿಂದ! ಆಲ್ಫ್ರೆಡ್ ಹಿಚ್‌ಕಾಕ್ 'ನಾರ್ತ್ ಬೈ ನಾರ್ತ್‌ವೆಸ್ಟ್' (1959) ಚಿತ್ರದಲ್ಲಿ ನಾಯಕ-ನಾಯಕಿಯನ್ನು ಈ ಮುಖಗಳ ಮೇಲೆ ನೇತಾಡಿಸಿದ. ರಾಷ್ಟ್ರಾಧ್ಯಕ್ಷರ ಮೂಗಿನ ಮೇಲೆ ಹೊಡೆದಾಟಕ್ಕೆ ಅಧಿಕಾರಿಗಳು ಒಪ್ಪಲಿಲ್ಲ. ಸ್ಟುಡಿಯೋದಲ್ಲಿ ಮುಖಗಳ ಸೆಟ್ ಹಾಕಿಯೇ ಮುಗಿಸಿದ. ನಿಜದ ಬೆಟ್ಟ ನೋಡಿದರೆ, ಚಿತ್ರ ನೋಡಿದವರಿಗೆ ಸ್ವಲ್ಪ ನಿರಾಸೆಯೇ ಆಗಬಹುದು. ಮುಖ ದೂರ, ಮೇಲೆ ಹತ್ತಲು ಬಿಡುವುದಿಲ್ಲ. ಮುಂದಕ್ಕೆ ಹೋಗೋಣ.

ಇನ್ನು ಕ್ಯಾಮೆರಾಗೆ ಸಿಗದ ಅದ್ಭುತವೂ ಒಂದಿದೆ, ಅದು ನಮ್ಮಲ್ಲೇ. ವಿಜಯಪುರದ ಗೋಲಗುಮ್ಮಟ. 1656ರಲ್ಲಿ ಮುಗಿದ ಮಹಮ್ಮದ್ ಆದಿಲ್‌ಶಾಹನ ಸಮಾಧಿ. ಗುಮ್ಮಟದ ಹೊರವ್ಯಾಸ 44 ಮೀಟರ್. ನಡುವೆ ಒಂದು ಕಂಬದ ಆಸರೆ ಇಲ್ಲ. ಫೋಟೋ ತೆಗೆದರೆ ದೊಡ್ಡ ಗುಮ್ಮಟ, ಅಷ್ಟೇ. ಆದರೆ ಮೇಲಿನ ಸುತ್ತುಹಾದಿಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿ ನೋಡಿ, ಎದುರುಗಡೆ ನಿಂತ ಗೆಳೆಯನ ಕಿವಿಯಲ್ಲಿ ಹೇಳಿದ ಹಾಗಿರುತ್ತೆ. ಚಪ್ಪಾಳೆ ಹೊಡೆದರೆ ಮತ್ತೆ ಮತ್ತೆ ಮರುದನಿ. ಬೆಳಿಗ್ಗೆ ಬಾಗಿಲು ತೆರೆದ ತಕ್ಷಣ ಹೋಗಿ. ತಡವಾದರೆ ಶಾಲಾ ಮಕ್ಕಳ ಕೂಗಿನಲ್ಲಿ ನಿಮ್ಮ ಪಿಸುಮಾತು ನಿಮಗೇ ಕೇಳೋದಿಲ್ಲ!

ರೀಲಿನಲ್ಲಿ ಮಾತ್ರ ಉಳಿದವರು

ಈಗ ಸ್ವಲ್ಪ ದುಃಖದ ರೀಲು.

ಮಾಲ್ಟಾ ದೇಶದ ಗೋಜೋ ದ್ವೀಪದಲ್ಲಿ ಸಮುದ್ರದೊಳಗೆ ಕಾಲಿಟ್ಟು ನಿಂತ ಕಲ್ಲಿನ ಕಮಾನು ಒಂದಿತ್ತು. ಅಲೆಗಳೇ ಕೊರೆದು ಮಾಡಿದ ಬಾಗಿಲು. ಹೆಸರು ನೀಲಿ ಕಿಟಕಿ, ಅಜೂರ್ ವಿಂಡೋ. 'ಕ್ಲ್ಯಾಶ್ ಆಫ್ ದಿ ಟೈಟನ್ಸ್' (1981) ಚಿತ್ರದಲ್ಲಿ ಅದನ್ನು ನೋಡಿದವರಿದ್ದೀರಿ. 'ಗೇಮ್ ಆಫ್ ಥ್ರೋನ್ಸ್' ಧಾರಾವಾಹಿಯ ಮೊದಲ ಕಂತುಗಳಲ್ಲಿ (2011) ಅದರ ಮುಂದೆ ಮದುವೆ ನಡೆಯುತ್ತೆ. ಹುಡುಗರು ಅದರ ನೆತ್ತಿಯ ಮೇಲೆ ನಡೆದು ಫೋಟೋ ತೆಗೆಸಿಕೊಳ್ತಿದ್ದರು. 2017ರ ಮಾರ್ಚ್ 8ರ ಬೆಳಿಗ್ಗೆ ಬಿರುಗಾಳಿಗೆ ಕುಸಿದು ಸಮುದ್ರ ಸೇರಿತು. ಕಂಬವೂ ಉಳಿಯಲಿಲ್ಲ.

ಫಿರೋಜ್ ಖಾನ್ 'ಧರ್ಮಾತ್ಮ' (1975) ಚಿತ್ರಕ್ಕಾಗಿ ಹೇಮಾಮಾಲಿನಿಯವರನ್ನು ಕರಕೊಂಡು ಆಫ್ಘಾನಿಸ್ತಾನಕ್ಕೆ ಹೋದಾಗ ಆ ದೇಶದ ಬಾಮಿಯಾನ್ ಕಣಿವೆಯಲ್ಲಿ ಎರಡು ಬುದ್ಧ ಮೂರ್ತಿಗಳು ನಿಂತಿದ್ದವು. ದೊಡ್ಡದು 55 ಮೀಟರ್, ಚಿಕ್ಕದು 38. ಸುಮಾರು ಆರನೇ ಶತಮಾನದವು. 2001ರ ಮಾರ್ಚ್‌ನಲ್ಲಿ ತಾಲಿಬಾನ್ ಸಿಡಿಮದ್ದಿಟ್ಟು ಉಡಾಯಿಸಿತು. ಬಂಡೆಯಲ್ಲಿ ಬುದ್ಧನ ಆಕಾರದ ಖಾಲಿ ಗೂಡು ಮಾತ್ರ ಇದೆ.

ಇನ್ನೊಂದು ಸಾವು ಸದ್ದೇ ಇಲ್ಲದೆ ಆಯ್ತು. ಸದ್ದಿಗೆ ಹೆಸರಾದ ಜಲಪಾತದ್ದು! ಬ್ರೆಜಿಲ್ ಮತ್ತು ಪರಗ್ವೆ ಗಡಿಯಲ್ಲಿ ಪರಾನಾ ನದಿಯ ಗ್ವೈರಾ ಜಲಪಾತ. ಏಳು ಗುಂಪು, ಹದಿನೆಂಟು ಧಾರೆ. ಹರಿಯುವ ನೀರಿನ ಲೆಕ್ಕದಲ್ಲಿ ನಯಾಗರ ಇದರ ಮುಂದೆ ಚಿಕ್ಕದು. ಭೋರ್ಗರೆತ ಎಷ್ಟೋ ಮೈಲಿ ದೂರಕ್ಕೆ ಕೇಳುತ್ತಿತ್ತಂತೆ. ಇಟೈಪು ಅಣೆಕಟ್ಟು ಕಟ್ಟಿದ್ದೇ ತಡ, ಇನ್ನು ಇದು ಮುಳುಗುತ್ತೆ ಅಂತ ಗೊತ್ತಾಗಿ ಕೊನೆಯ ಸಲ ನೋಡಲು ಜನ ಮುಗಿಬಿದ್ದರು. 1982ರ ಜನವರಿಯಲ್ಲಿ ಆ ಜನರ ಭಾರಕ್ಕೆ ತೂಗುಸೇತುವೆಯೊಂದು ಹರಿದು ಮೂವತ್ತಕ್ಕೂ ಹೆಚ್ಚು ಮಂದಿ ನೀರುಪಾಲಾದರು. ಅದೇ ಅಕ್ಟೋಬರ್‌ನಲ್ಲಿ ಅಣೆಕಟ್ಟಿನ ಬಾಗಿಲು ಮುಚ್ಚಿದರು. ಸುಮಾರು ಎರಡು ವಾರ, ಅಷ್ಟೇ. ನೀರು ಕೆಳಗಿನಿಂದ ಏರಿ ಏರಿ ಜಲಪಾತ ಸರೋವರವಾಯ್ತು.

ಅದರ ಕೆಳಗಡೆ, ಅಷ್ಟೇನೂ ದೂರವಿಲ್ಲದ ಇಗ್ವಾಸು ಜಲಪಾತ ಬದುಕಿದೆ. ಅದು ಅರ್ಜೆಂಟೀನಾ-ಬ್ರೆಜಿಲ್ ಗಡಿ. 2.7 ಕಿಲೋಮೀಟರ್ ಅಗಲ, 275ರ ಹತ್ತಿರ ಧಾರೆಗಳು. ರೋಜರ್ ಮೂರ್ 'ಮೂನ್‌ರೇಕರ್' (1979) ಚಿತ್ರದಲ್ಲಿ ದೋಣಿ ಬಿಟ್ಟು ಹಾರಿದ್ದು ಇಲ್ಲೇ. 'ದಿ ಮಿಷನ್' (1986) ಚಿತ್ರ ಶುರುವಾಗುವುದೂ ಇಲ್ಲೇ. ಶಿಲುಬೆಗೆ ಕಟ್ಟಿದ ಪಾದ್ರಿ ನದಿಯಲ್ಲಿ ತೇಲಿ ಬಂದು, ಶಿಲುಬೆ ಸಮೇತ ಜಲಪಾತದಿಂದ ಕೆಳಗೆ ಬೀಳ್ತಾನೆ. ಮಾತಿಲ್ಲ. ನೀರೊಂದೇ. ಕಾನ್ ಚಿತ್ರೋತ್ಸವದಲ್ಲಿ ಆ ವರ್ಷದ ಅತ್ಯುನ್ನತ ಪ್ರಶಸ್ತಿ ಅದಕ್ಕೇ ಬಂತು. ಜಲಪಾತವನ್ನು ಹಾಡಿನ ಹಿನ್ನೆಲೆಗೆ ಬಳಸುವ ನಮ್ಮ ನಿರ್ದೇಶಕರು ಆ ಒಂದು ದೃಶ್ಯ ನೋಡಬೇಕು. ಹೊರದೇಶದ ಒಂದೇ ಒಂದು ಜಲಪಾತ ನೋಡುವ ಭಾಗ್ಯ ನಿಮಗಿದ್ದರೆ ನಯಾಗರ ಬಿಡಿ, ಇಗ್ವಾಸುಗೆ ಹೋಗಿ. ಇದು ನನ್ನ ಓಟು.

ನಲ್ಲಿ ತಿರುಗಿಸಿದರೆ ನಯಾಗರ, ಬಾಗಿಲು ತೆಗೆದರೆ ಜೋಗ!

ನಯಾಗರದ ಬಗ್ಗೆ ಯಾಕೆ ಹೀಗಂದೆ? ಮರ್ಲಿನ್ ಮನ್ರೋ 'ನಯಾಗರ' (1953) ಚಿತ್ರದಲ್ಲಿ ಅದರ ಮುಂದೆ ನಡೆದಾಗ, ಶಮ್ಮಿ ಕಪೂರ್ 'ಆ್ಯನ್ ಈವನಿಂಗ್ ಇನ್ ಪ್ಯಾರಿಸ್' (1967) ಕ್ಲೈಮ್ಯಾಕ್ಸಿನಲ್ಲಿ ಅಲ್ಲಿ ಹೋರಾಡಿದಾಗ ನಾವೆಲ್ಲ ಬಾಯಿಬಿಟ್ಟು ನೋಡಿದೆವು. ಪ್ಯಾರಿಸ್ಸಿನ ಸಂಜೆ ನಯಾಗರದಲ್ಲಿ ಯಾಕೆ ಮುಗೀತು ಅಂತ ಕೇಳಬೇಡಿ! ವಿಷಯ ಏನಪ್ಪ ಅಂದ್ರೆ, 1950ರಲ್ಲಿ ಅಮೆರಿಕ ಮತ್ತು ಕೆನಡಾ ಒಂದು ಒಪ್ಪಂದ ಮಾಡಿಕೊಂಡವು. ಪ್ರವಾಸಿಗಳು ಬರುವ ಋತುವಿನಲ್ಲಿ ಹಗಲು ಹೊತ್ತು ಸೆಕೆಂಡಿಗೆ ಕನಿಷ್ಠ ಒಂದು ಲಕ್ಷ ಘನ ಅಡಿ ನೀರು ಧುಮುಕಬೇಕು. ರಾತ್ರಿಗೆ ಮತ್ತು ಚಳಿಗಾಲಕ್ಕೆ ಅದರರ್ಧ ಸಾಕು. ಉಳಿದದ್ದು ಸುರಂಗದಲ್ಲಿ ವಿದ್ಯುತ್ ಸ್ಥಾವರಕ್ಕೆ. ಅಂದರೆ ನಯಾಗರಕ್ಕೂ ಷೋ ಟೈಮಿಂಗ್ ಇದೆ! 1969ರಲ್ಲಂತೂ ಅಮೆರಿಕದ ಕಡೆಯ ಧಾರೆಗೆ ಅಡ್ಡಗಟ್ಟೆ ಹಾಕಿ, ಬಂಡೆ ಪರೀಕ್ಷೆಗೆ ಅಂತ ತಿಂಗಳುಗಟ್ಟಲೆ ಒಣಗಿಸಿಯೇ ಬಿಟ್ಟಿದ್ದರು.

ಎತ್ತರದ ಮಾತಿಗೆ ಬಂದರೆ ನಯಾಗರ 57 ಮೀಟರ್. ನಮ್ಮ ಜೋಗ 253 ಮೀಟರ್! ನಾಲ್ಕು ಪಟ್ಟಿಗೂ ಹೆಚ್ಚು. 'ಜೀವನ ಚೈತ್ರ' (1992) ಚಿತ್ರದಲ್ಲಿ ಅಣ್ಣಾವ್ರು ಜೋಗವನ್ನು ಹಾಡಿ ಹೊಗಳಿದ್ದು ಕೇಳದ ಕನ್ನಡಿಗ ಇಲ್ಲ. 'ಮುಂಗಾರು ಮಳೆ' (2006) ಬಂತು, ಗಣೇಶ್ ಮತ್ತು ಪೂಜಾ ಗಾಂಧಿ ಜಲಪಾತದ ನೆತ್ತಿಯ ಅಂಚಿನಲ್ಲಿ ಕುಣಿದರು, ಕ್ಯಾಮೆರಾ ಮೇಲಿನಿಂದ ತೋರಿಸಿತು. ಅಷ್ಟು ದಿನ ಎದುರಿನಿಂದ ನೋಡುತ್ತಿದ್ದ ಜೋಗ ಅವತ್ತು ಬೇರೆಯೇ ಆಗಿ ಕಂಡಿತು. ಆಮೇಲೆ ಊರೂರಿನಿಂದ ಹುಡುಗರ ಗುಂಪು ಜೋಗಕ್ಕೆ. ಗೆಳೆಯರೇ, ಆ ಅಂಚಿಗೆ ಮಾತ್ರ ಹೋಗಬೇಡಿ. ಪಾಚಿ ಹಿಡಿದ ಬಂಡೆ ಹೀರೋ ಯಾರು ಅಂತ ನೋಡೋದಿಲ್ಲ.

ಬೇಸಿಗೆಯಲ್ಲಿ ಹೋಗಿ ನೋಡಿ, 'ಇದೇನಾ ಜೋಗ?' ಅಂತ ಬೈದುಕೊಂಡು ಬಸ್ಸು ಹತ್ತಿದವರು ಬಹಳ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಸೇರಿ ನಾಲ್ಕು ದಾರದೆಳೆಯಂತೆ. ಶರಾವತಿಯ ನೀರು 1948ರಿಂದ ಇಲ್ಲಿನ ಮಹಾತ್ಮ ಗಾಂಧಿ ವಿದ್ಯುದಾಗಾರಕ್ಕೆ ಹೋಯ್ತು. 1964ರಲ್ಲಿ ಮೇಲ್ಗಡೆ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ಜೋಗಕ್ಕೆ ಉಳಿದದ್ದು ಮಳೆಗಾಲ ಮಾತ್ರ. ಎಷ್ಟೋ ವರ್ಷ ಈ ನಾಡಿನ ಬಲ್ಬು ಉರಿದದ್ದು, ನಮ್ಮ ಥಿಯೇಟರುಗಳ ಪ್ರೊಜೆಕ್ಟರ್ ತಿರುಗಿದ್ದು ಮುಖ್ಯವಾಗಿ ಈ ನದಿಯ ಕರೆಂಟಿನಿಂದಲೇ. ರೀಲಿನಲ್ಲಿ ಜೋಗ ಭೋರ್ಗರೆಯಲಿ ಅಂತ ಜೋಗವೇ ಸುಮ್ಮನಾಯ್ತು ಅನ್ನಬಹುದೇನೋ.

ನೈಲ್ ದಡದ ನುಬಿಯನ್ನರ ಕತೆ ಹೇಳಿದೆನಲ್ಲ. ಅದೇ ಕಾಲಕ್ಕೆ, ಅದೇ ಅರವತ್ತರ ದಶಕದಲ್ಲಿ, ಶರಾವತಿ ಹಿನ್ನೀರಿನಲ್ಲೂ ಅದೇ ನಡೆದಿತ್ತು. ಸಾವಿರಾರು ಕುಟುಂಬ ಗದ್ದೆ, ತೋಟ, ದೇವರು ಬಿಟ್ಟು ಎದ್ದವು. ಏಳದೆ ಉಳಿದ ತುಮರಿ ಕಡೆಯ ಹಳ್ಳಿಗಳು ಮೂರು ಕಡೆ ನೀರಿನ ನಡುವೆ ಸಿಕ್ಕಿಕೊಂಡವು. ಆಸ್ಪತ್ರೆಗೆ, ಹೈಸ್ಕೂಲಿಗೆ, ಸಿನಿಮಾಕ್ಕೆ ಸಾಗರ ಪೇಟೆಗೆ ಬರಬೇಕಾದರೆ ಲಾಂಚ್ ಕಾಯಬೇಕು. ಸಂಜೆ ಕೊನೆಯ ಲಾಂಚ್ ತಪ್ಪಿದರೆ ದಡದಲ್ಲೇ ರಾತ್ರಿ. ನಾಡಿಗೆಲ್ಲ ಬೆಳಕು ಕೊಟ್ಟ ಆ ಜನಕ್ಕೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಸಿಕ್ಕಿದ್ದು ಯಾವಾಗ ಗೊತ್ತೇ? 2025ರ ಜುಲೈನಲ್ಲಿ! ಎರಡು ಕಿಲೋಮೀಟರಿಗೂ ಉದ್ದದ, ತಂತಿಗಳಲ್ಲಿ ತೂಗಿದ ಭಾರೀ ಸೇತುವೆ. ಜನ ಅದನ್ನೂ ಈಗ ಒಂದು ಅದ್ಭುತ ಅಂತಲೇ ನೋಡಲು ಹೋಗ್ತಿದ್ದಾರೆ.

ಹೋಗುವವರಿಗೆ ಒಂದಿಷ್ಟು ವಿವರ. ಜುಲೈ ಕೊನೆಯಿಂದ ಸೆಪ್ಟೆಂಬರ್ ಒಳಗೆ ಹೊರಡಿ. ಪೇಪರಿನಲ್ಲಿ 'ಲಿಂಗನಮಕ್ಕಿ ಗೇಟ್ ತೆರೆದರು' ಅಂತ ಸುದ್ದಿ ಬಂದ ದಿನವೇ ಬ್ಯಾಗು ಕಟ್ಟಿದರೆ ಇನ್ನೂ ಉತ್ತಮ. ರೈಲಾದರೆ ತಾಳಗುಪ್ಪ ತನಕ, ಅಲ್ಲಿಂದ ಜೋಗ ಹತ್ತಿರ. ಬಸ್ಸಾದರೆ ಸಾಗರದಲ್ಲಿ ಇಳಿಯಿರಿ. ಮಂಜು ಮುಸುಕಿದ್ದರೆ ಬೇಸರ ಮಾಡಿಕೊಂಡು ಹೊರಡಬೇಡಿ. ಕಾಯಿರಿ, ಐದು ನಿಮಿಷ ಪರದೆ ಸರಿಯುತ್ತೆ, ಮತ್ತೆ ಮುಚ್ಚುತ್ತೆ. ಕೆಳಗೆ ಇಳಿಯುವ ಮೆಟ್ಟಿಲು ಸಾವಿರಕ್ಕೂ ಹೆಚ್ಚು, ಬಾಗಿಲು ತೆರೆದಿದ್ದರೆ ಮಾತ್ರ ಇಳಿಯಿರಿ. ಹತ್ತುವಾಗ ಮಂಡಿ ಮಾತಾಡುತ್ತೆ, ನೀರು ಜೊತೆಗಿರಲಿ. ಮರುದಿನ ಬಿಡುವಿದ್ದರೆ ಸಾಗರದಿಂದ ತುಮರಿ ಬಸ್ಸು ಹತ್ತಿ. ಸೇತುವೆ ಮಧ್ಯೆ ಬಂದಾಗ ಕಿಟಕಿಯಿಂದ ಕೆಳಗೆ ನೋಡಿ, ಹಿನ್ನೀರು ಎಡಕ್ಕೂ ಬಲಕ್ಕೂ ಕಣ್ಣು ಹಾಯುವ ತನಕ ಇರುತ್ತೆ. ಇದೇ ಹಿನ್ನೀರಿನಡಿ ಎಲ್ಲೋ ಮಡೆನೂರಿನ ಹಳೆಯ ಅಣೆಕಟ್ಟು ಮುಳುಗಿದೆ. ಮಳೆ ಕೈಕೊಟ್ಟ ವರ್ಷ, ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ, ಅದು ಮೇಲೆ ಬಂದು ನಿಲ್ಲುತ್ತೆ. ಆಗ ಸುತ್ತಲಿನ ಊರಿನವರು ಬುತ್ತಿ ಕಟ್ಟಿಕೊಂಡು ನೋಡಲು ಹೋಗ್ತಾರೆ.